ಮನ್ಸುಖ್ ವಾನಿ: ಮರದ ತೊಗಟೆಯಲ್ಲಿ ಎರಡು ಕ್ಯಾನ್ಸರ್ ಮದ್ದು ಕಂಡ ವಿಜ್ಞಾನಿ

ಮನೆಯಲ್ಲಿ ಯಾರಾದರೂ ಸ್ತನ ಕ್ಯಾನ್ಸರ್ ಇಲ್ಲವೇ ಅಂಡಾಶಯದ ಕ್ಯಾನ್ಸರ್‌ಗೆ ಕಿಮೊಥೆರಪಿ ತೆಗೆದುಕೊಂಡಿದ್ದರೆ ಆಸ್ಪತ್ರೆಯ ಬಿಲ್ಲಿನಲ್ಲಿ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಹೆಸರನ್ನು ನೋಡಿರುತ್ತೀರಿ. ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದವರಿಗೆ ಇರಿನೊಟೆಕಾನ್ ಎಂಬ ಇನ್ನೊಂದು ಹೆಸರು ಪರಿಚಿತ. ಇವು ಬೇರೆ ಬೇರೆ ಔಷಧಗಳು. ಕ್ಯಾನ್ಸರ್ ಕೋಶವನ್ನು ಕೊಲ್ಲುವ ಬಗೆಯೂ ಬೇರೆ, ಮೊದಲು ಮಾರುಕಟ್ಟೆಗೆ ತಂದ ಕಂಪನಿಗಳೂ ಬೇರೆ. ಆದರೆ ಎರಡರ ಮೂಲವೂ ಒಂದೇ ಪ್ರಯೋಗಾಲಯ.

ಆ ಪ್ರಯೋಗಾಲಯ ಇದ್ದದ್ದು ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ರಿಸರ್ಚ್ ಟ್ರಯಾಂಗಲ್ ಇನ್‌ಸ್ಟಿಟ್ಯೂಟ್‌ನಲ್ಲಿ. ಅಲ್ಲಿ ಕೆಲಸ ಮಾಡಿದ ಇಬ್ಬರು ರಸಾಯನ ವಿಜ್ಞಾನಿಗಳು ಮನ್ರೋ ವಾಲ್ ಮತ್ತು ಮನ್ಸುಖ್ ವಾನಿ. ವಾಲ್ ನ್ಯೂಜೆರ್ಸಿಯವರು. ವಾನಿ ಮಹಾರಾಷ್ಟ್ರದ ನಂದುರಬಾರಿನವರು, ಮುಂಬೈನಲ್ಲಿ ಓದಿ ಅಲ್ಲೇ ಪಾಠ ಹೇಳಿದವರು.

ಇಬ್ಬರೂ ಸೇರಿ 1966ರಲ್ಲಿ ಕ್ಯಾಂಪ್ಟೊಥೆಸಿನ್ ಎಂಬ ಅಣುವನ್ನೂ 1971ರಲ್ಲಿ ಟ್ಯಾಕ್ಸಾಲ್ ಎಂಬ ಅಣುವನ್ನೂ ಜಗತ್ತಿಗೆ ಪರಿಚಯಿಸಿದರು. ಟ್ಯಾಕ್ಸಾಲ್ ರೋಗಿಗಳಿಗೆ ಅಧಿಕೃತವಾಗಿ ಸಿಕ್ಕಿದ್ದು 1992ರ ಕೊನೆಯಲ್ಲಿ. ಕ್ಯಾಂಪ್ಟೊಥೆಸಿನ್‌ನಿಂದ ತಯಾರಾದ ಔಷಧಗಳಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1996ರಲ್ಲಿ. ಅಂದರೆ ಒಂದಕ್ಕೆ 21 ವರ್ಷ, ಇನ್ನೊಂದಕ್ಕೆ 30 ವರ್ಷ. ಈ ಅವಧಿಯಲ್ಲಿ ಎರಡೂ ಅಣುಗಳು ಒಂದಲ್ಲ ಒಂದು ಹಂತದಲ್ಲಿ ಮೂಲೆ ಸೇರಿದ್ದವು. ಅವು ಹೊರಬಂದದ್ದು ಹೇಗೆ? ಪಶ್ಚಿಮ ಘಟ್ಟದ ಒಂದು ಮರಕ್ಕೂ ಈ ಕತೆಗೂ ಏನು ಸಂಬಂಧ? ಇಲ್ಲಿದೆ ಮಾಹಿತಿ.

ನಂದುರಬಾರಿನಿಂದ ನಾರ್ತ್ ಕೆರೊಲಿನಾಗೆ

ಮನ್ಸುಖ್ ವಾನಿ ಹುಟ್ಟಿದ್ದು 1925ರ ಫೆಬ್ರವರಿ 20ರಂದು. ಆಗ ನಂದುರಬಾರ್ ಮುಂಬೈ ಪ್ರಾಂತದ ಖಾನ್‌ದೇಶ ಭಾಗದಲ್ಲಿತ್ತು. ಇಂದಿನ ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡ ಕೂಡ ಅದೇ ಪ್ರಾಂತಕ್ಕೆ ಸೇರಿದ್ದವು. ಮುಂಬೈ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿ ಸ್ನಾತಕೋತ್ತರ ಪದವಿ ಪಡೆದ ವಾನಿ, ಕೆಲವು ವರ್ಷ ಮುಂಬೈನ ಭವನ್ಸ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದರು.

ಸಂಶೋಧನೆಯ ಆಸೆಯಿಂದ ಅವರು ಅಮೆರಿಕಕ್ಕೆ ಹೊರಟಾಗ ವಯಸ್ಸು ಮೂವತ್ತು ದಾಟಿತ್ತು. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡಿದರು. 1962ರಲ್ಲಿ ರಿಸರ್ಚ್ ಟ್ರಯಾಂಗಲ್ ಇನ್‌ಸ್ಟಿಟ್ಯೂಟ್ ಸೇರಿದರು. ಮುಂದಿನ ಇಡೀ ವೃತ್ತಿಜೀವನ ಅಲ್ಲೇ ಕಳೆಯಿತು.

ಆ ಸಂಸ್ಥೆ ಆಗಿನ್ನೂ ಹೊಸದು. ವಾಲ್ ಅಲ್ಲಿಗೆ ಬಂದದ್ದು 1960ರಲ್ಲಿ. ಅದಕ್ಕೂ ಮೊದಲು ಅವರು ಫಿಲಡೆಲ್ಫಿಯಾ ಬಳಿಯ ಅಮೆರಿಕ ಕೃಷಿ ಇಲಾಖೆಯ ಪ್ರಯೋಗಾಲಯದಲ್ಲಿದ್ದರು. ಕಾರ್ಟಿಸೋನ್ ಔಷಧ ತಯಾರಿಕೆಗೆ ಬೇಕಾದ ಸ್ಟೆರಾಯ್ಡ್‌ಗಳು ಯಾವ ಗಿಡಗಳಲ್ಲಿವೆ ಎಂದು ಹುಡುಕುವುದು ಅವರ ಕೆಲಸವಾಗಿತ್ತು. ಅದಕ್ಕಾಗಿ ಸಾವಿರಾರು ಗಿಡಗಳ ಸಾರ ತೆಗೆದಿಟ್ಟಿದ್ದರು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಜೊನಾಥನ್ ಹಾರ್ಟ್‌ವೆಲ್ ಈ ಸಂಗ್ರಹದ ಬಗ್ಗೆ ತಿಳಿದು, ಸುಮಾರು ಒಂದು ಸಾವಿರ ಸಾರಗಳನ್ನು ಕ್ಯಾನ್ಸರ್ ಪರೀಕ್ಷೆಗೆ ಕಳಿಸುವಂತೆ ಕೇಳಿದರು.

ಅಷ್ಟರಲ್ಲಿ ಎದ್ದು ಕಂಡದ್ದು ಕ್ಯಾಂಪ್ಟೊಥೆಕಾ ಅಕ್ಯುಮಿನೇಟಾ ಎಂಬ ಮರದ ಸಾರ. ಚೀನಾ ಮೂಲದ ಈ ಮರಕ್ಕೆ ಅಲ್ಲಿನ ಜನ 'ಸಂತೋಷದ ಮರ' ಎಂಬ ಅರ್ಥದ ಹೆಸರಿಟ್ಟಿದ್ದಾರೆ. ಅಮೆರಿಕದ ಕೃಷಿ ಇಲಾಖೆ ಅದನ್ನು ಕ್ಯಾಲಿಫೋರ್ನಿಯಾದಲ್ಲಿ ನೆಟ್ಟು ಬೆಳೆಸಿತ್ತು. ಆದರೆ ಕ್ಯಾನ್ಸರ್ ಸಂಶೋಧನೆ ಕೃಷಿ ಇಲಾಖೆಯ ಕೆಲಸವಲ್ಲ. ಈ ಸಾರದ ಬೆನ್ನು ಹತ್ತಲು ಅವಕಾಶ ಸಿಕ್ಕಿದ್ದು ವಾಲ್ ನಾರ್ತ್ ಕೆರೊಲಿನಾಗೆ ಬಂದ ಮೇಲೆ. ಎರಡು ವರ್ಷಕ್ಕೆ ವಾನಿ ಜತೆಗೂಡಿದರು.

ಸಾವಿರ ಪದಾರ್ಥಗಳ ನಡುವೆ ಒಂದನ್ನು ಹಿಡಿಯುವುದು ಹೇಗೆ?

ಮರದ ಒಂದು ಚೂರು ತೊಗಟೆಯಲ್ಲಿ ನೂರಾರು ರಾಸಾಯನಿಕಗಳಿರುತ್ತವೆ. ಅವುಗಳಲ್ಲಿ ಕ್ಯಾನ್ಸರ್ ಕೋಶವನ್ನು ಕೊಲ್ಲುವುದು ಒಂದೋ ಎರಡೋ. ಅದು ಯಾವುದು, ಹೇಗಿದೆ ಎಂಬುದು ಮೊದಲೇ ತಿಳಿದಿರುವುದಿಲ್ಲ.

ವಾಲ್ ಮತ್ತು ವಾನಿ ಅನುಸರಿಸಿದ ವಿಧಾನ ಹೀಗಿತ್ತು. ಒಣಗಿದ ತೊಗಟೆಯನ್ನು ಪುಡಿ ಮಾಡಿ ದ್ರಾವಕದಲ್ಲಿ ನೆನೆಸಿ ಸಾರ ತೆಗೆಯುವುದು. ಸಾರವನ್ನು ಹಲವು ಪಾಲುಗಳಾಗಿ ಬೇರ್ಪಡಿಸುವುದು. ಪ್ರತಿ ಪಾಲನ್ನೂ ಕ್ಯಾನ್ಸರ್ ಇರುವ ಇಲಿಗಳ ಮೇಲೆ ಪರೀಕ್ಷಿಸುವುದು. ಯಾವ ಪಾಲಿನಲ್ಲಿ ಗುಣ ಕಾಣಿಸಿತೋ ಅದನ್ನು ಉಳಿಸಿಕೊಂಡು ಮತ್ತೆ ಒಡೆಯುವುದು, ಮತ್ತೆ ಪರೀಕ್ಷಿಸುವುದು. ಶುದ್ಧವಾದ ಒಂದೇ ಪದಾರ್ಥ ಉಳಿಯುವವರೆಗೆ ಇದೇ ಕೆಲಸ.

ಪ್ರತಿ ಸುತ್ತಿಗೂ ಪರೀಕ್ಷೆಯ ಫಲಿತಾಂಶಕ್ಕಾಗಿ ಕಾಯಬೇಕಾಗಿತ್ತು. ಒಂದು ಗಿಡದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರೂ ಕೊನೆಗೆ ಏನೂ ಸಿಗದಿರುವುದು ಸಾಮಾನ್ಯ. ಅಮೆರಿಕದ ಕ್ಯಾನ್ಸರ್ ಸಂಸ್ಥೆ 1960ರಿಂದ 1981ರವರೆಗೆ ಸುಮಾರು 35 ಸಾವಿರ ಸಸ್ಯಗಳಿಂದ ತೆಗೆದ ಒಂದು ಲಕ್ಷಕ್ಕೂ ಹೆಚ್ಚು ಸಾರಗಳನ್ನು ಪರೀಕ್ಷಿಸಿತು. ಅಷ್ಟು ದೊಡ್ಡ ಜರಡಿಯಲ್ಲಿ ಕೊನೆಗೆ ಉಳಿದು, ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂದ ಅಣುಗಳನ್ನು ಬೆರಳಲ್ಲಿ ಎಣಿಸಬಹುದು. ಅವುಗಳಲ್ಲಿ ಎರಡು ಈ ಇಬ್ಬರ ಮೇಜಿನಿಂದ ಬಂದವು.

ಕ್ಯಾಂಪ್ಟೊಥೆಸಿನ್: ಭರವಸೆ, ವೈಫಲ್ಯ, ಮರುಹುಟ್ಟು

'ಸಂತೋಷದ ಮರ'ದಿಂದ ತೆಗೆದ ಶುದ್ಧ ಪದಾರ್ಥಕ್ಕೆ ಕ್ಯಾಂಪ್ಟೊಥೆಸಿನ್ ಎಂದು ಹೆಸರಿಡಲಾಯಿತು. ಅದರ ರಚನೆಯ ವಿವರ 1966ರಲ್ಲಿ ಅಮೆರಿಕನ್ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ರಕ್ತ ಕ್ಯಾನ್ಸರ್ ಇದ್ದ ಇಲಿಗಳ ಆಯುಷ್ಯವನ್ನು ಅದು ಗಣನೀಯವಾಗಿ ಹೆಚ್ಚಿಸಿತ್ತು.

ಆದರೆ ಒಂದು ತೊಡಕಿತ್ತು. ಈ ಪದಾರ್ಥ ನೀರಿನಲ್ಲಿ ಕರಗುವುದಿಲ್ಲ. ನೀರಿನಲ್ಲಿ ಕರಗದಿದ್ದರೆ ರಕ್ತನಾಳಕ್ಕೆ ಕೊಡುವುದು ಕಷ್ಟ. ಹಾಗಾಗಿ ಅಣುವಿನಲ್ಲಿರುವ ಲ್ಯಾಕ್ಟೋನ್ ಎಂಬ ಉಂಗುರವನ್ನು ಬಿಚ್ಚಿ, ಅದನ್ನು ಸೋಡಿಯಂ ಲವಣವಾಗಿ ಬದಲಾಯಿಸಿ ರೋಗಿಗಳಿಗೆ ಕೊಡಲಾಯಿತು. ಫಲಿತಾಂಶ ನಿರಾಶಾದಾಯಕ. ಗಡ್ಡೆ ಕರಗಿದ್ದು ಕಡಿಮೆ, ತೊಂದರೆ ಜಾಸ್ತಿ. ಮೂತ್ರಕೋಶದಲ್ಲಿ ರಕ್ತಸ್ರಾವ, ಮೂಳೆ ಮಜ್ಜೆಗೆ ಹಾನಿ. 1970ರ ದಶಕದ ಆರಂಭದಲ್ಲಿ ಪ್ರಯೋಗಗಳನ್ನು ನಿಲ್ಲಿಸಲಾಯಿತು.

ತಪ್ಪು ಎಲ್ಲಾಗಿತ್ತು ಎಂಬುದು ನಂತರ ಸ್ಪಷ್ಟವಾಯಿತು. ಬಿಚ್ಚಿದ ಆ ಉಂಗುರದಲ್ಲೇ ಔಷಧದ ಗುಣವಿತ್ತು. ಉಂಗುರ ಬಿಚ್ಚಿದ ಲವಣಕ್ಕೆ ಕ್ಯಾನ್ಸರ್ ಕೊಲ್ಲುವ ಶಕ್ತಿ ತೀರಾ ಕಡಿಮೆ. ಅಂದರೆ ರೋಗಿಗಳಿಗೆ ಔಷಧದ ದುರ್ಬಲ ರೂಪವನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಡಲಾಗಿತ್ತು.

1985ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಲೆರಾಯ್ ಲಿಯು ಅವರ ತಂಡ ಈ ಅಣು ಕೆಲಸ ಮಾಡುವ ಬಗೆಯನ್ನು ಪತ್ತೆ ಹಚ್ಚಿತು. ಅದನ್ನು ಸರಳವಾಗಿ ಹೀಗೆ ಹೇಳಬಹುದು. ಡಿಎನ್‌ಎ ಎರಡು ಎಳೆಯ ಹುರಿ ಹಗ್ಗದಂತೆ. ಕೋಶ ಎರಡಾಗುವ ಮೊದಲು ಈ ಎಳೆಗಳು ಬಿಡಿಸಿಕೊಳ್ಳಬೇಕು. ಹುರಿ ಹಗ್ಗವನ್ನು ಒಂದು ಕಡೆ ಬಿಡಿಸುತ್ತ ಹೋದರೆ ಮುಂದಿನ ಭಾಗ ಇನ್ನಷ್ಟು ಬಿಗಿಯಾಗುತ್ತದಲ್ಲವೇ? ಆ ಬಿಗಿ ಸಡಿಲಿಸಲು ಟೊಪೊಐಸೊಮರೇಸ್-1 ಎಂಬ ಕಿಣ್ವ ಒಂದು ಎಳೆಯನ್ನು ಕತ್ತರಿಸುತ್ತದೆ, ಸುತ್ತು ಬಿಡಿಸುತ್ತದೆ, ಮತ್ತೆ ಜೋಡಿಸುತ್ತದೆ. ಕ್ಯಾಂಪ್ಟೊಥೆಸಿನ್ ಈ ಜೋಡಣೆಗೆ ಅಡ್ಡ ಬರುತ್ತದೆ. ಕತ್ತರಿಸಿದ ಎಳೆ ಹಾಗೇ ಉಳಿದು ಕೋಶ ಸಾಯುತ್ತದೆ. ವೇಗವಾಗಿ ವಿಭಜನೆಯಾಗುವ ಕ್ಯಾನ್ಸರ್ ಕೋಶಗಳಿಗೆ ಇದರ ಪೆಟ್ಟು ಹೆಚ್ಚು.

ಈ ಮಾಹಿತಿ ಬಂದದ್ದೇ ತಡ, ಮೂಲೆ ಸೇರಿದ್ದ ಅಣುವಿಗೆ ಮತ್ತೆ ಬೇಡಿಕೆ ಬಂತು. ವಾನಿ ಮತ್ತು ವಾಲ್ ಕೂಡ ಅದರ ಹೊಸ ರೂಪಗಳನ್ನು ಪ್ರಯೋಗಾಲಯದಲ್ಲಿ ತಯಾರಿಸಿ, ಅಣುವಿನ ಯಾವ ಭಾಗ ಬದಲಿಸಬಹುದು, ಯಾವುದನ್ನು ಮುಟ್ಟಬಾರದು ಎಂದು ತೋರಿಸಿಕೊಟ್ಟರು. ಆ ಉಂಗುರವನ್ನು ಉಳಿಸಿಕೊಂಡೇ ನೀರಿನಲ್ಲಿ ಕರಗುವಂತೆ ಮಾಡಿದ ಎರಡು ಔಷಧಗಳು ಗೆದ್ದವು. ಒಂದು ಸ್ಮಿತ್‌ಕ್ಲೈನ್ ಕಂಪನಿಯ ಟೊಪೊಟೆಕಾನ್. ಇನ್ನೊಂದು ಜಪಾನಿನ ಯಾಕುಲ್ಟ್ ಕಂಪನಿ ಅಭಿವೃದ್ಧಿಪಡಿಸಿದ ಇರಿನೊಟೆಕಾನ್. ಭಾರತದ ಅಂಗಡಿಗಳಲ್ಲಿ ಪುಟ್ಟ ಬಾಟಲಿಯ ಹಾಲಿನ ಪಾನೀಯ ಮಾರುವ ಯಾಕುಲ್ಟ್ ಕಂಪನಿಯೇ ಇದು. ಎರಡಕ್ಕೂ 1996ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ನೀಡಿತು.

ಟ್ಯಾಕ್ಸಾಲ್: 12 ಕಿಲೋ ತೊಗಟೆಗೆ ಅರ್ಧ ಗ್ರಾಂ

1962ರ ಆಗಸ್ಟ್‌ನಲ್ಲಿ ಕೃಷಿ ಇಲಾಖೆಯ ಸಸ್ಯವಿಜ್ಞಾನಿ ಆರ್ಥರ್ ಬಾರ್ಕ್ಲೇ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಾಡಿನಲ್ಲಿ ಪೆಸಿಫಿಕ್ ಯೂ ಎಂಬ ಮರದ ಮಾದರಿಗಳನ್ನು ಸಂಗ್ರಹಿಸಿದರು. ನಾಟಾ ಕಂಪನಿಗಳು ಬೆಲೆಯಿಲ್ಲದ್ದು ಎಂದು ಕಡಿದು ಸುಡುತ್ತಿದ್ದ ಮರವದು. ಅದರ ತೊಗಟೆಯ ಸಾರ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ ಎಂದು 1964ರಲ್ಲಿ ಗೊತ್ತಾಯಿತು. ಮಾದರಿ ವಾಲ್ ಅವರ ಪ್ರಯೋಗಾಲಯಕ್ಕೆ ಬಂತು.

ವಾನಿ ಮತ್ತು ಸಂಗಡಿಗರು 12 ಕಿಲೋ ಒಣ ತೊಗಟೆಯಿಂದ ಶುರು ಮಾಡಿದರು. ಕೊನೆಗೆ ಸಿಕ್ಕಿದ್ದು ಸುಮಾರು ಅರ್ಧ ಗ್ರಾಂ ಶುದ್ಧ ಪದಾರ್ಥ. ಅದರ ರಚನೆ ತಿಳಿಯುವ ಮೊದಲೇ ವಾಲ್ ಅದಕ್ಕೆ ಟ್ಯಾಕ್ಸಾಲ್ ಎಂದು ಹೆಸರಿಟ್ಟರು. ಯೂ ಮರದ ಸಸ್ಯಶಾಸ್ತ್ರೀಯ ಹೆಸರು ಟ್ಯಾಕ್ಸಸ್. ಅದರ ಜತೆ ಆಲ್ಕೊಹಾಲ್ ಗುಂಪಿನ ಪದಾರ್ಥ ಎಂಬುದರ ಸೂಚನೆ ಸೇರಿ ಆದ ಹೆಸರದು.

ರಚನೆ ಕಂಡುಹಿಡಿಯುವುದೇ ದೊಡ್ಡ ಸವಾಲಾಗಿತ್ತು. ಟ್ಯಾಕ್ಸಾಲ್‌ನ ಒಂದು ಅಣುವಿನಲ್ಲಿ 47 ಕಾರ್ಬನ್, 51 ಹೈಡ್ರೋಜನ್, 1 ನೈಟ್ರೋಜನ್, 14 ಆಕ್ಸಿಜನ್ ಸೇರಿ 113 ಪರಮಾಣುಗಳಿವೆ. ಇವು ಯಾವ ಕ್ರಮದಲ್ಲಿ ಜೋಡಣೆಯಾಗಿವೆ ಎಂದು ತಿಳಿಯಲು ಹರಳಿನ ಮೇಲೆ ಎಕ್ಸ್-ರೇ ಹಾಯಿಸಿ ನೋಡಬೇಕು. ಟ್ಯಾಕ್ಸಾಲ್ ಅದಕ್ಕೆ ತಕ್ಕ ಹರಳು ಕೊಡಲಿಲ್ಲ. ಕೊನೆಗೆ ಅಣುವನ್ನು ಎಚ್ಚರಿಕೆಯಿಂದ ಎರಡು ತುಂಡು ಮಾಡಲಾಯಿತು. ಒಂದಕ್ಕೆ ಬ್ರೋಮಿನ್, ಇನ್ನೊಂದಕ್ಕೆ ಅಯೋಡಿನ್ ಸೇರಿಸಿ ಹರಳು ಮಾಡಿ ಎರಡನ್ನೂ ಬೇರೆ ಬೇರೆಯಾಗಿ ನೋಡಲಾಯಿತು. ನಂತರ ಎರಡೂ ಎಲ್ಲಿ ಕೂಡಿಕೊಂಡಿದ್ದವು ಎಂಬುದನ್ನು ರಾಸಾಯನಿಕ ಪರೀಕ್ಷೆಗಳಿಂದ ನಿರ್ಧರಿಸಲಾಯಿತು. 1971ರಲ್ಲಿ ಪ್ರಕಟವಾದ ಆ ಪ್ರಬಂಧದಲ್ಲಿ ಮೊದಲ ಹೆಸರು ವಾನಿ ಅವರದು.

ಪ್ರಬಂಧ ಬಂತು, ಆಸಕ್ತಿ ಬರಲಿಲ್ಲ. ಕಾರಣಗಳು ಇದ್ದವು. ಮರ ನಿಧಾನವಾಗಿ ಬೆಳೆಯುತ್ತದೆ, ಇಳುವರಿ ಅತ್ಯಲ್ಪ, ಪದಾರ್ಥ ನೀರಿನಲ್ಲಿ ಕರಗುವುದಿಲ್ಲ. ಆಗ ಮುಖ್ಯವೆನಿಸಿದ್ದ ಪರೀಕ್ಷೆಗಳಲ್ಲಿ ಅದರ ಫಲಿತಾಂಶವೂ ಸಾಧಾರಣ. 1970ರ ದಶಕದ ಮಧ್ಯದಲ್ಲಿ ಹೊಸ ಬಗೆಯ ಗಡ್ಡೆಗಳ ಮೇಲೆ ಒಳ್ಳೆಯ ಫಲಿತಾಂಶ ಬಂದ ನಂತರವೇ ಅಮೆರಿಕದ ಕ್ಯಾನ್ಸರ್ ಸಂಸ್ಥೆ ಅದನ್ನು ಮತ್ತೆ ಕೈಗೆತ್ತಿಕೊಂಡಿತು.

ಬಿಚ್ಚಲಾಗದ ಚಪ್ಪರ

ಟ್ಯಾಕ್ಸಾಲ್‌ನ ಅದೃಷ್ಟ ಬದಲಾದದ್ದು 1979ರಲ್ಲಿ. ನ್ಯೂಯಾರ್ಕಿನ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿನ ಸೂಸನ್ ಹಾರ್ವಿಟ್ಜ್ ಮತ್ತು ಅವರ ವಿದ್ಯಾರ್ಥಿ ಪೀಟರ್ ಶಿಫ್ ಇದು ಕೆಲಸ ಮಾಡುವ ಬಗೆ ಬೇರೆ ಯಾವ ಔಷಧದಂತೆಯೂ ಇಲ್ಲ ಎಂದು ತೋರಿಸಿದರು.

ಕೋಶ ಎರಡಾಗುವಾಗ ಅದರೊಳಗೆ ಮೈಕ್ರೋಟ್ಯೂಬ್ಯೂಲ್ ಎಂಬ ಅತಿ ಸಣ್ಣ ಕೊಳವೆಗಳು ಕಟ್ಟಿಕೊಳ್ಳುತ್ತವೆ. ವರ್ಣತಂತುಗಳನ್ನು ಎರಡೂ ಬದಿಗೆ ಎಳೆದು ಹಂಚುವುದು ಇವುಗಳ ಕೆಲಸ. ಕೆಲಸ ಮುಗಿದ ಮೇಲೆ ಕಳಚಿಕೊಳ್ಳುತ್ತವೆ, ಮದುವೆಗೆ ಹಾಕಿದ ಚಪ್ಪರವನ್ನು ಮದುವೆ ಮುಗಿದ ಮೇಲೆ ಬಿಚ್ಚುವಂತೆ. ನಿತ್ಯಪುಷ್ಪದ ಗಿಡದಿಂದ ಬಂದ ವಿನ್‌ಕ್ರಿಸ್ಟಿನ್‌ನಂಥ ಹಳೆಯ ಔಷಧಗಳು ಚಪ್ಪರ ಹಾಕಲು ಬಿಡುವುದಿಲ್ಲ. ಟ್ಯಾಕ್ಸಾಲ್ ಮಾಡುವುದು ತದ್ವಿರುದ್ಧ. ಅದು ಚಪ್ಪರವನ್ನು ಬಿಚ್ಚಲು ಬಿಡುವುದಿಲ್ಲ. ಕೊಳವೆಗಳು ಬಿಗಿಯಾಗಿ ಉಳಿದು, ವಿಭಜನೆ ಅರ್ಧಕ್ಕೆ ನಿಂತು, ಕೋಶ ಸಾಯುತ್ತದೆ.

ಮನುಷ್ಯರ ಮೇಲಿನ ಪ್ರಯೋಗ 1984ರ ಹೊತ್ತಿಗೆ ಶುರುವಾಯಿತು. ಇಲ್ಲೂ ಕರಗದ ಗುಣವೇ ಕಾಡಿತು. ಹರಳೆಣ್ಣೆಯಿಂದ ತಯಾರಿಸಿದ ದ್ರಾವಕದಲ್ಲಿ ಕರಗಿಸಿ ಕೊಟ್ಟಾಗ ಕೆಲವು ರೋಗಿಗಳಿಗೆ ತೀವ್ರ ಅಲರ್ಜಿಯಾಯಿತು. ಪ್ರಯೋಗವೇ ನಿಲ್ಲುವ ಸ್ಥಿತಿ ಬಂತು. ಮೊದಲು ಸ್ಟೆರಾಯ್ಡ್ ಮತ್ತು ಅಲರ್ಜಿ ತಡೆಯುವ ಔಷಧ ಕೊಟ್ಟು, ನಂತರ ನಿಧಾನವಾಗಿ ಡ್ರಿಪ್ ಹಾಕುವ ಪದ್ಧತಿ ಆಗ ರೂಢಿಗೆ ಬಂತು. ಇಂದಿಗೂ ಪ್ಯಾಕ್ಲಿಟ್ಯಾಕ್ಸೆಲ್ ಕೊಡುವ ಮೊದಲು ರೋಗಿಗಳಿಗೆ ಬೇರೆ ಚುಚ್ಚುಮದ್ದು ಕೊಡುವುದು ಇದೇ ಕಾರಣಕ್ಕೆ.

1989ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ತಂಡ ಮಹತ್ವದ ಫಲಿತಾಂಶ ಪ್ರಕಟಿಸಿತು. ಬೇರೆ ಔಷಧಗಳಿಗೆ ಬಗ್ಗದ ಅಂಡಾಶಯದ ಕ್ಯಾನ್ಸರ್ ಇದ್ದ ಮಹಿಳೆಯರಲ್ಲಿ ಹತ್ತರಲ್ಲಿ ಮೂವರಿಗೆ ಟ್ಯಾಕ್ಸಾಲ್‌ನಿಂದ ಗಡ್ಡೆ ಕುಗ್ಗಿತ್ತು. ಬೇರೆ ದಾರಿಯೇ ಇಲ್ಲದವರ ಪಾಲಿಗೆ ಇದು ದೊಡ್ಡ ಸುದ್ದಿ. 1992ರ ಡಿಸೆಂಬರ್ 29ರಂದು ಅಂಡಾಶಯದ ಕ್ಯಾನ್ಸರ್‌ಗೂ 1994ರಲ್ಲಿ ಸ್ತನ ಕ್ಯಾನ್ಸರ್‌ಗೂ ಎಫ್‌ಡಿಎ ಒಪ್ಪಿಗೆ ಸಿಕ್ಕಿತು.

ಹೆಸರು ಇಟ್ಟವರು ಒಬ್ಬರು, ಟ್ರೇಡ್‌ಮಾರ್ಕ್ ಇನ್ನೊಬ್ಬರದು

ಟ್ಯಾಕ್ಸಾಲ್ ಸಂಶೋಧನೆ ನಡೆದದ್ದು ಸರ್ಕಾರದ ಹಣದಲ್ಲಿ. ವಿವರಗಳು 1971ರಲ್ಲೇ ಬಹಿರಂಗವಾಗಿದ್ದವು. ಅಣುವಿಗೆ ಪೇಟೆಂಟ್ ಇರಲಿಲ್ಲ. ದೊಡ್ಡ ಪ್ರಮಾಣದಲ್ಲಿ ತಯಾರಿಸಿ ಮಾರುಕಟ್ಟೆಗೆ ತರಲು 1991ರಲ್ಲಿ ಕ್ಯಾನ್ಸರ್ ಸಂಸ್ಥೆ ಬ್ರಿಸ್ಟಲ್-ಮೈಯರ್ಸ್ ಸ್ಕ್ವಿಬ್ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಕಂಪನಿ ಟ್ಯಾಕ್ಸಾಲ್ ಎಂಬ ಹೆಸರನ್ನೇ ತನ್ನ ಟ್ರೇಡ್‌ಮಾರ್ಕ್ ಮಾಡಿಕೊಂಡಿತು. ಎರಡು ದಶಕ ವಿಜ್ಞಾನ ಪತ್ರಿಕೆಗಳಲ್ಲಿ ಬಳಕೆಯಲ್ಲಿದ್ದ ಹೆಸರು ಕಂಪನಿಯ ಸ್ವತ್ತಾಯಿತು. ಅಣುವಿಗೆ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಹೊಸ ಹೆಸರು ಬಂತು. 2000ನೇ ಇಸವಿಯಲ್ಲಿ ಟ್ಯಾಕ್ಸಾಲ್‌ನ ವಾರ್ಷಿಕ ಮಾರಾಟ ಸುಮಾರು 160 ಕೋಟಿ ಡಾಲರ್ ಮುಟ್ಟಿತ್ತು.

ಒಬ್ಬ ರೋಗಿಗೆ ಎಷ್ಟು ಮರ?

ಒಂದು ಕಿಲೋ ಟ್ಯಾಕ್ಸಾಲ್‌ಗೆ ಸುಮಾರು ಮೂರು ಸಾವಿರ ಯೂ ಮರಗಳ ತೊಗಟೆ ಬೇಕು ಎಂಬುದು ಆಗಿನ ಅಂದಾಜು. ತೊಗಟೆ ಸುಲಿದರೆ ಮರ ಸಾಯುತ್ತದೆ. ಪೆಸಿಫಿಕ್ ಯೂ ಬೆಳೆಯುವ ಹಳೆಯ ಕಾಡುಗಳು ಅಳಿವಿನಂಚಿನ ಚುಕ್ಕೆ ಗೂಬೆಯ ನೆಲೆಯೂ ಹೌದು. ಮರ ಉಳಿಸಬೇಕೋ, ರೋಗಿಯನ್ನು ಉಳಿಸಬೇಕೋ ಎಂಬ ಚರ್ಚೆ ಅಮೆರಿಕದಲ್ಲಿ ಜೋರಾಯಿತು. ಯೂ ಮರದ ನಿರ್ವಹಣೆಗೆಂದೇ 1992ರಲ್ಲಿ ಅಲ್ಲಿ ಕಾನೂನು ಬಂತು.

ಪರಿಹಾರ ಸಿಕ್ಕಿದ್ದು ಎಲೆಯಲ್ಲಿ. ಫ್ರಾನ್ಸ್‌ನ ಪಿಯರ್ ಪೋತಿಯೆ ಅವರ ತಂಡ ಯುರೋಪಿನ ಯೂ ಮರದ ಎಲೆಗಳಲ್ಲಿ ಟ್ಯಾಕ್ಸಾಲ್‌ಗೆ ತೀರಾ ಹತ್ತಿರದ ಅಣುವನ್ನು ಕಂಡುಕೊಂಡಿತು. ಎಲೆ ಕಿತ್ತರೆ ಮತ್ತೆ ಚಿಗುರುತ್ತದೆ, ಮರ ಸಾಯುವುದಿಲ್ಲ. ಆ ಅಣುವಿನಿಂದ ಟ್ಯಾಕ್ಸಾಲ್ ತಯಾರಿಸುವ ಸುಲಭ ದಾರಿಯನ್ನು ಫ್ಲೋರಿಡಾದ ರಾಬರ್ಟ್ ಹೋಲ್ಟನ್ ರೂಪಿಸಿದರು. ಡೋಸಿಟ್ಯಾಕ್ಸೆಲ್ ಎಂಬ ಇನ್ನೊಂದು ಔಷಧವೂ ಇದೇ ದಾರಿಯಲ್ಲಿ ಹುಟ್ಟಿತು. ಮುಂದೆ ಯೂ ಮರದ ಕೋಶಗಳನ್ನು ದೊಡ್ಡ ತೊಟ್ಟಿಗಳಲ್ಲಿ ಬೆಳೆಸಿ ಔಷಧ ತೆಗೆಯುವ ವಿಧಾನವೂ ಬಂತು.

ಇಷ್ಟರಲ್ಲಿ ಹಿಮಾಲಯಕ್ಕೆ ಪೆಟ್ಟು ಬಿದ್ದಿತ್ತು. ಉತ್ತರಾಖಂಡದಲ್ಲಿ ಥುನೇರ್ ಎಂದು ಕರೆಯುವ ಹಿಮಾಲಯದ ಯೂ ಮರದ ಎಲೆ, ತೊಗಟೆಗೆ ಬೇಡಿಕೆ ಏರಿ ಮರಗಳು ಬೋಳಾದವು. 1995ರಲ್ಲಿ ಈ ಜಾತಿಯನ್ನು ಅಂತಾರಾಷ್ಟ್ರೀಯ ವಹಿವಾಟು ನಿಯಂತ್ರಿಸುವ ಸೈಟಿಸ್ ಪಟ್ಟಿಗೆ ಸೇರಿಸಲಾಯಿತು.

ಪಶ್ಚಿಮ ಘಟ್ಟದ ದುರ್ವಾಸನೆ ಮರ

ಕ್ಯಾಂಪ್ಟೊಥೆಸಿನ್ ಕತೆಗೂ ಇಂಥದ್ದೇ ಒಂದು ಭಾಗವಿದೆ. ಅದು ನಡೆದದ್ದು ನಮ್ಮ ಘಟ್ಟದಲ್ಲಿ. 1972ರಲ್ಲಿ ಮುಂಬೈನ ಗೋರೆಗಾಂವ್‌ನಲ್ಲಿದ್ದ ಸಿಬಾ ಸಂಶೋಧನಾ ಕೇಂದ್ರದ ಟಿ.ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್ ಭಾರತದ್ದೇ ಒಂದು ಮರದಲ್ಲಿ ಕ್ಯಾಂಪ್ಟೊಥೆಸಿನ್ ಇರುವುದನ್ನು ಪತ್ತೆ ಮಾಡಿದರು. ಗೋವಿಂದಾಚಾರಿ ಅದಕ್ಕೂ ಮುನ್ನ ಚೆನ್ನೈನ ಪ್ರೆಸಿಡೆನ್ಸಿ ಕಾಲೇಜಿನಲ್ಲಿದ್ದ ಹೆಸರಾಂತ ರಸಾಯನ ವಿಜ್ಞಾನಿ.

ಆ ಮರದ ಈಗಿನ ಸಸ್ಯಶಾಸ್ತ್ರೀಯ ಹೆಸರು ನೋಥಪೋಡೈಟಿಸ್ ನಿಮ್ಮೋನಿಯಾನಾ. ಕನ್ನಡದಲ್ಲಿ ದುರ್ವಾಸನೆ ಮರ. ಕೆಟ್ಟ ವಾಸನೆಯಿಂದಾಗಿ ಬಂದ ಹೆಸರದು. ಮಹಾರಾಷ್ಟ್ರದಲ್ಲಿ ಇದನ್ನೇ ನರಕ್ಯಾ ಎನ್ನುತ್ತಾರೆ. ಉತ್ತರ ಕನ್ನಡ, ಶಿವಮೊಗ್ಗ, ಕೊಡಗಿನ ಕಾಡುಗಳಿಂದ ಹಿಡಿದು ಮಹಾರಾಷ್ಟ್ರದ ಮಹಾಬಲೇಶ್ವರದ ಕಡೆಯವರೆಗೆ ಬೆಳೆಯುವ ಈ ಸಣ್ಣ ಮರದಲ್ಲಿ ಚೀನಾದ ಮರಕ್ಕಿಂತ ಹೆಚ್ಚು ಕ್ಯಾಂಪ್ಟೊಥೆಸಿನ್ ಸಿಗುತ್ತದೆ.

ಯಾರೂ ಮುಟ್ಟದಿದ್ದ ಮರಕ್ಕೆ ಇರಿನೊಟೆಕಾನ್, ಟೊಪೊಟೆಕಾನ್ ಬಂದ ಮೇಲೆ ಬೆಲೆ ಬಂತು. ಕಾಂಡ, ಬೇರು ಸಮೇತ ಕಿತ್ತು ಸಾಗಿಸುವುದು ಶುರುವಾಯಿತು. ಯೂ ಮರದ ಎಲೆಯಂತೆ ಇಲ್ಲಿ ಸುಲಭದ ದಾರಿ ಇಲ್ಲ. ಔಷಧದ ಅಂಶ ಹೆಚ್ಚಾಗಿ ಇರುವುದು ಬೇರು ಮತ್ತು ಕಾಂಡದ ತೊಗಟೆಯಲ್ಲಿ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಮತ್ತು ಶಿರಸಿಯ ಅರಣ್ಯ ಕಾಲೇಜಿನ ವಿಜ್ಞಾನಿಗಳು ಈ ಮರದ ಮೇಲೆ ಸಾಕಷ್ಟು ಕೆಲಸ ಮಾಡಿದ್ದಾರೆ. ಘಟ್ಟದ ಯಾವ ಭಾಗದ ಮರಗಳಲ್ಲಿ ಔಷಧದ ಅಂಶ ಹೆಚ್ಚಿದೆ ಎಂದು ಹುಡುಕಿ, ಅಂಥ ಮರಗಳನ್ನು ನೆಟ್ಟು ಬೆಳೆಸಿದರೆ ಕಾಡಿನ ಮೇಲಿನ ಒತ್ತಡ ಇಳಿಯುತ್ತದೆ ಎಂಬುದು ಒಂದು ದಾರಿ. ಮರದೊಳಗೆ ವಾಸಿಸುವ ಕೆಲವು ಶಿಲೀಂಧ್ರಗಳು ತಾವೇ ಕ್ಯಾಂಪ್ಟೊಥೆಸಿನ್ ತಯಾರಿಸುತ್ತವೆ. ಅವನ್ನು ಪ್ರಯೋಗಾಲಯದಲ್ಲಿ ಬೆಳೆಸುವುದು ಇನ್ನೊಂದು ದಾರಿ. ಆದರೆ ಮರದಿಂದ ಹೊರತೆಗೆದು ತಲೆಮಾರು ತಲೆಮಾರು ಬೆಳೆಸುತ್ತ ಹೋದಂತೆ ಶಿಲೀಂಧ್ರದ ಈ ಶಕ್ತಿ ಕುಗ್ಗುತ್ತದೆ ಎಂದು 2010ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಕಾಡಿನ ಮರಕ್ಕೆ ಪೂರ್ಣ ಬದಲಿ ಸುಲಭದಲ್ಲಿ ಸಿಗುವಂಥದ್ದಲ್ಲ.

ಹಾಗಾದರೆ ತೊಗಟೆ ಅರೆದು ಕುಡಿದರೆ ಸಾಕೇ?

ಖಂಡಿತ ಸಾಲದು, ಅಪಾಯ ಕೂಡ. ಮರದಿಂದ ಔಷಧ ಬಂತು ಎಂಬ ಮಾತು ಕೇಳಿದ ತಕ್ಷಣ ಕಷಾಯದ ಯೋಚನೆ ಬರುವುದು ಸಹಜ. ಆದರೆ ಯೂ ಮರದ ಎಲೆ, ಬೀಜಗಳು ಹೃದಯ ನಿಲ್ಲಿಸುವಷ್ಟು ವಿಷಕಾರಿ. 12 ಕಿಲೋ ತೊಗಟೆಯಲ್ಲಿ ಸಿಕ್ಕಿದ್ದು ಅರ್ಧ ಗ್ರಾಂ ಎಂಬುದನ್ನು ನೆನಪಿಡಬೇಕು. ಕಷಾಯದಲ್ಲಿ ಔಷಧ ಎಷ್ಟಿದೆ, ವಿಷ ಎಷ್ಟಿದೆ ಎಂದು ಹೇಳಲು ಯಾರಿಂದಲೂ ಆಗದು. ಶುದ್ಧ ಕ್ಯಾಂಪ್ಟೊಥೆಸಿನ್ ಅನ್ನು ವೈದ್ಯರೇ ಕೊಟ್ಟಾಗಲೂ ರೂಪ ಬದಲಾದದ್ದರಿಂದ ರೋಗಿಗಳಿಗೆ ಹಾನಿಯಾಗಿತ್ತು.

ಔಷಧದ ರೂಪದಲ್ಲೂ ಇವು ಸೌಮ್ಯವಲ್ಲ. ಪ್ಯಾಕ್ಲಿಟ್ಯಾಕ್ಸೆಲ್‌ನಿಂದ ಕೂದಲು ಉದುರುತ್ತದೆ, ಕೈಕಾಲು ಜೋಮು ಹಿಡಿಯುತ್ತದೆ, ಬಿಳಿ ರಕ್ತಕಣ ಇಳಿಯುತ್ತದೆ. ಇರಿನೊಟೆಕಾನ್‌ನಿಂದ ತೀವ್ರ ಭೇದಿಯಾಗಬಹುದು. ಪ್ರಮಾಣ, ಅಂತರ, ಮುನ್ನೆಚ್ಚರಿಕೆ ಎಲ್ಲವನ್ನೂ ಲೆಕ್ಕ ಹಾಕಿ ಕೊಡುವುದರಿಂದಲೇ ಇವು ಔಷಧ.

ಗೌರವ ಮತ್ತು ಕೊನೆಯ ದಿನಗಳು

ವಾಲ್ ಮತ್ತು ವಾನಿ ಅವರಿಗೆ 2000ರಲ್ಲಿ ಕ್ಯಾನ್ಸರ್ ಸಂಶೋಧನೆಗೆ ಮೀಸಲಾದ ಚಾರ್ಲ್ಸ್ ಕೆಟರಿಂಗ್ ಪ್ರಶಸ್ತಿ ಜಂಟಿಯಾಗಿ ಬಂತು. ವಾಲ್ 2002ರಲ್ಲಿ ನಿಧನರಾದರು. ಮರುವರ್ಷ ಅಮೆರಿಕನ್ ಕೆಮಿಕಲ್ ಸೊಸೈಟಿ ಅವರ ಪ್ರಯೋಗಾಲಯದ ಈ ಎರಡು ಸಂಶೋಧನೆಗಳನ್ನು ರಾಷ್ಟ್ರೀಯ ಐತಿಹಾಸಿಕ ರಾಸಾಯನಿಕ ಹೆಗ್ಗುರುತು ಎಂದು ಘೋಷಿಸಿತು. ನಿವೃತ್ತಿಯ ನಂತರವೂ ವಾನಿ ಸಂಸ್ಥೆಯ ನಂಟು ಉಳಿಸಿಕೊಂಡಿದ್ದರು.

2020ರ ಏಪ್ರಿಲ್ 10ರಂದು, 95ನೇ ವಯಸ್ಸಿನಲ್ಲಿ ವಾನಿ ನಿಧನರಾದರು. ಅದೇ ತಿಂಗಳು ಅಮೆರಿಕದಲ್ಲಿ ಸಾಸಿಟುಜುಮ್ಯಾಬ್ ಗೋವಿಟೆಕಾನ್ ಎಂಬ ಹೊಸ ಸ್ತನ ಕ್ಯಾನ್ಸರ್ ಔಷಧಕ್ಕೆ ಒಪ್ಪಿಗೆ ಸಿಕ್ಕಿತು. ಕ್ಯಾನ್ಸರ್ ಕೋಶವನ್ನು ಗುರುತಿಸಿ ಅಂಟಿಕೊಳ್ಳುವ ಪ್ರತಿಕಾಯದ ಬೆನ್ನಿಗೆ ಕೋಶ ಕೊಲ್ಲುವ ಮದ್ದನ್ನು ಕಟ್ಟಿ ಕಳಿಸುವ ಔಷಧವದು. ಅದರಲ್ಲಿ ಕಟ್ಟಿರುವ ಮದ್ದು ಕ್ಯಾಂಪ್ಟೊಥೆಸಿನ್‌ನ ವಂಶದ್ದೇ. 1966ರಲ್ಲಿ ಹೊರಬಂದು, ಒಮ್ಮೆ ಕೈಬಿಟ್ಟಿದ್ದ ಅಣು ಇಂದಿಗೂ ಹೊಸ ಔಷಧಗಳಿಗೆ ಆಧಾರವಾಗಿದೆ.

ಪ್ರಮುಖ ಘಟ್ಟಗಳು

1925: ನಂದುರಬಾರಿನಲ್ಲಿ ಮನ್ಸುಖ್ ವಾನಿ ಜನನ

1962: ವಾನಿ ರಿಸರ್ಚ್ ಟ್ರಯಾಂಗಲ್ ಇನ್‌ಸ್ಟಿಟ್ಯೂಟ್‌ಗೆ, ಅದೇ ವರ್ಷ ಪೆಸಿಫಿಕ್ ಯೂ ಮಾದರಿ ಸಂಗ್ರಹ

1966: ಕ್ಯಾಂಪ್ಟೊಥೆಸಿನ್ ರಚನೆ ಪ್ರಕಟ

1971: ಟ್ಯಾಕ್ಸಾಲ್ ರಚನೆ ಪ್ರಕಟ

1972: ಪಶ್ಚಿಮ ಘಟ್ಟದ ದುರ್ವಾಸನೆ ಮರದಲ್ಲಿ ಕ್ಯಾಂಪ್ಟೊಥೆಸಿನ್ ಪತ್ತೆ

1979: ಟ್ಯಾಕ್ಸಾಲ್ ಕೆಲಸ ಮಾಡುವ ಬಗೆ ಬೆಳಕಿಗೆ

1985: ಕ್ಯಾಂಪ್ಟೊಥೆಸಿನ್ ಕೆಲಸ ಮಾಡುವ ಬಗೆ ಬೆಳಕಿಗೆ

1992: ಟ್ಯಾಕ್ಸಾಲ್‌ಗೆ ಎಫ್‌ಡಿಎ ಒಪ್ಪಿಗೆ

1996: ಟೊಪೊಟೆಕಾನ್, ಇರಿನೊಟೆಕಾನ್‌ಗೆ ಎಫ್‌ಡಿಎ ಒಪ್ಪಿಗೆ

2000: ವಾಲ್, ವಾನಿ ಅವರಿಗೆ ಕೆಟರಿಂಗ್ ಪ್ರಶಸ್ತಿ

2020: ವಾನಿ ನಿಧನ